ಮಾಲೀಕರು ಒಬ್ಬರೇ, ಪಿಜಿ ಎರಡು

ಮೈಸೂರಿನ ಸರಸ್ವತಿಪುರಂ ಕಡೆ ಒಬ್ಬರೇ ಮಾಲೀಕರು ಎರಡು ಪಿಜಿ ನಡೆಸುತ್ತಾರೆ. ಒಂದು ಹೆಣ್ಣುಮಕ್ಕಳದು, ಎರಡು ಅಡ್ಡರಸ್ತೆ ದಾಟಿದರೆ ಗಂಡುಮಕ್ಕಳದು. ಮಗಳು ಮಾನಸಗಂಗೋತ್ರಿಯಲ್ಲಿ ರಸಾಯನವಿಜ್ಞಾನದ ಎಂ.ಎಸ್ಸಿ. ಓದುತ್ತಾ ಮೊದಲನೆಯದರಲ್ಲಿದ್ದಾಳೆ. ಎಂಜಿನಿಯರಿಂಗ್ ಎರಡನೇ ವರ್ಷದ ಮಗ ಎರಡನೆಯದರಲ್ಲಿದ್ದಾನೆ. ನಾನು ಮಂಡ್ಯ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಎರಡೂ ಕಡೆಯ ರಸೀದಿ ನನ್ನ ಕೈಗೇ ಬರುತ್ತದೆ. ಹಾಗಾಗಿ ಈ ವಿಮರ್ಶೆಯೂ ಎರಡಕ್ಕೂ ಸೇರಿದ್ದು. ಪಿಜಿಯ ಹೆಸರು ಹಾಕುವುದಿಲ್ಲ. ಮಗಳು ಪರೀಕ್ಷೆ ಮುಗಿಯುವ ತನಕ ಅಲ್ಲೇ ಇರಬೇಕು. ಅದೂ ಅಲ್ಲದೆ ಮೈಸೂರಿನಲ್ಲಿ ಹೆಣ್ಣುಮಗಳಿಗಾಗಿ ಪಿಜಿ ಹುಡುಕಿದ ಯಾರಿಗಾದರೂ ಇದನ್ನು ಓದಿದರೆ ತಾವು ನೋಡಿದ ಪಿಜಿಯೇ ನೆನಪಾಗುತ್ತದೆ.

ಮೊದಲು ಊಟ. ಇದರಲ್ಲಿ ಕೊಂಕು ತೆಗೆಯಲು ನನ್ನಿಂದಾಗದು. ಅಡುಗೆಯಾಕೆ ತಿ. ನರಸೀಪುರದ ಕಡೆಯವರು. ವಾರದಲ್ಲಿ ನಾಲ್ಕು ದಿನ ಮುದ್ದೆ ಇರುತ್ತದೆ, ಗಂಟಿಲ್ಲದೆ, ಬಿಸಿಯಾಗಿ. ಅವರೆಕಾಳಿನ ಕಾಲದಲ್ಲಿ ಬಸ್ಸಾರು ಮಾಡುತ್ತಾರೆ, ಸೊಪ್ಪು ಸಿಕ್ಕ ದಿನ ಉಪ್ಪುಸಾರು. ಆ ಉಪ್ಪುಸಾರಿನ ಖಾರವನ್ನು ಒರಳಿನಲ್ಲೇ ಅರೆದಿರುತ್ತಾರೆ, ಮಿಕ್ಸಿಯಲ್ಲಿ ತಿರುವಿದ್ದಲ್ಲ. ನಾನು ಒಮ್ಮೆ ಅಲ್ಲೇ ಊಟ ಮಾಡಿ, ಎರಡನೇ ಮುದ್ದೆ ಹಾಕಿಸಿಕೊಂಡೆ. ಭಾನುವಾರ ಕೋಳಿ ಸಾರು. ನೀರು ಇಪ್ಪತ್ತನಾಲ್ಕು ಗಂಟೆ ಬರುತ್ತದೆ, ಬೆಳಿಗ್ಗೆ ಬಿಸಿನೀರಿಗೆ ಸೌರ ಹೀಟರ್ ಇದೆ, ಮಳೆಗಾಲದಲ್ಲಿ ಅದು ಇದ್ದೂ ಇಲ್ಲದಂತೆ. ಹಾಸಿಗೆಗಳು ಪರವಾಗಿಲ್ಲ. ವೈಫೈ ಬಗ್ಗೆ ಮಗನ ದೂರು ದೊಡ್ಡ ಪಟ್ಟಿಯೇ ಇದೆ, ಅದು ಅವನ ಚಿಂತೆ.

ಎರಡೂ ಪಿಜಿಯ ಅಡುಗೆ ಆಗುವುದು ಹೆಣ್ಣುಮಕ್ಕಳ ಪಿಜಿಯಲ್ಲಿ. ಅಲ್ಲಿಂದ ಡಬ್ಬಗಳಲ್ಲಿ ತುಂಬಿ, ಆಟೋದಲ್ಲಿ ಗಂಡುಮಕ್ಕಳ ಕಡೆಗೆ ಕಳುಹಿಸುತ್ತಾರೆ. ಸಾರು ಒಂದೇ, ಮುದ್ದೆ ಒಂದೇ. ಆದರೆ ಗಂಡುಮಕ್ಕಳಿಗೆ ಬುಧವಾರ ಎರಡು ಮೊಟ್ಟೆ, ಹೆಣ್ಣುಮಕ್ಕಳಿಗೆ ಒಂದು. ಕೇಳಿದರೆ, "ಹುಡುಗರು ಜಾಸ್ತಿ ತಿನ್ನುತ್ತಾರೆ ಮೇಡಂ" ಎಂದರು ಮಾಲೀಕರು. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಆ ಎರಡನೇ ಮೊಟ್ಟೆ ಯಾರ ತಟ್ಟೆಗೆ ಹೋಗಬೇಕಿತ್ತು ಎಂಬುದಕ್ಕೆ ವೈದ್ಯರನ್ನು ಕೇಳಬೇಕಾಗಿಲ್ಲ. ಊಟವಾದ ಮೇಲೆ ಹೆಣ್ಣುಮಕ್ಕಳು ತಮ್ಮ ತಟ್ಟೆ ತಾವೇ ತೊಳೆಯಬೇಕು. ಗಂಡುಮಕ್ಕಳ ತಟ್ಟೆಗಳು ಅದೇ ಆಟೋದಲ್ಲಿ ವಾಪಸು ಬರುತ್ತವೆ, ಅಡುಗೆಯಾಕೆ ತೊಳೆಯುತ್ತಾರೆ.

ಇನ್ನು ಬಾಡಿಗೆ. ಇಬ್ಬರು ಹಂಚಿಕೊಳ್ಳುವ ಕೋಣೆಗೆ ಮಗನದು ತಿಂಗಳಿಗೆ 6,800 ರೂಪಾಯಿ, ಮಗಳದು 7,500. ವ್ಯತ್ಯಾಸ 700, ವರ್ಷಕ್ಕೆ 8,400. ಕೋಣೆ ಅಳೆದೆ; ಇಂಥ ಅಭ್ಯಾಸಕ್ಕೆ ನನ್ನ ಮಕ್ಕಳು ನಾಚಿಕೊಳ್ಳುತ್ತಾರೆ, ಇರಲಿ. ಮಗಳದೇ ಅರ್ಧ ಅಡಿ ಚಿಕ್ಕದು. ಒಂದು ಮೊಟ್ಟೆ ಕಡಿಮೆ, ಅರ್ಧ ಅಡಿ ಕಡಿಮೆ, ಹಣ ಮಾತ್ರ ಹೆಚ್ಚು. ಹೆಚ್ಚುವರಿ ಹಣ ಯಾವುದಕ್ಕೆ ಎಂದು ಕೇಳಿದ್ದಕ್ಕೆ ಮಾಲೀಕರು ಅರೆಕ್ಷಣವೂ ತಡೆಯದೆ, "ಸೆಕ್ಯೂರಿಟಿ ಮೇಡಂ. ಕ್ಯಾಮೆರಾ, ವಾರ್ಡನ್, ಗೇಟು. ಹೆಣ್ಣುಮಕ್ಕಳ ಜವಾಬ್ದಾರಿ ಅಂದರೆ ಸುಮ್ಮನೆಯೇ?" ಎಂದರು. ಮಾಲೀಕರು ಪಾಂಡವಪುರದ ಕಡೆಯವರು, ನಮ್ಮ ಜಿಲ್ಲೆಯವರೇ. ಮಾತು ಬೆಳೆದಾಗ, "ಹೆಣ್ಣುಮಕ್ಕಳೇ ನಮ್ಮ ಪಾಲಿಗೆ ಲಕ್ಷ್ಮಿ, ಆ ಮನೆಯಲ್ಲಿ ಒಂದು ಹಾಸಿಗೆಯೂ ಖಾಲಿ ಉಳಿಯುವುದಿಲ್ಲ" ಎಂದೂ ಸೇರಿಸಿದರು. ಲಕ್ಷ್ಮಿಯನ್ನು ಹೊಟ್ಟೆಯಲ್ಲೇ ಗುರುತಿಸಿ ತೆಗೆಸಿಹಾಕುವ ಜಾಲವೊಂದು ನಮ್ಮ ಮಂಡ್ಯ ಜಿಲ್ಲೆಯ ಆಲೆಮನೆಯಲ್ಲೇ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡಿತ್ತು. ಬೆಂಗಳೂರಿನ ಪೊಲೀಸರು ಅದನ್ನು ಬಯಲಿಗೆಳೆದದ್ದು 2023ರಲ್ಲಿ, ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾಯ್ದೆ ಬಂದು ಮೂರು ದಶಕ ಆಗುತ್ತಾ ಬಂದಾಗ. ಅದು ನೆನಪಾಗಿ ನಾನು ಮಾತು ಮುಂದುವರಿಸಲಿಲ್ಲ.

ಆ 700 ರೂಪಾಯಿಗೆ ಏನು ಸಿಗುತ್ತದೆ ಎಂದು ನೋಡೋಣ.

ಸೇರುವಾಗಿನ ಅರ್ಜಿಯಿಂದಲೇ ಆರಂಭ. ಮಗ ಆಧಾರ್ ಪ್ರತಿ, ಕಾಲೇಜಿನ ಗುರುತಿನ ಚೀಟಿ ಕೊಟ್ಟು ಸಹಿ ಹಾಕಿದ, ಕೀಲಿ ಕೈಗೆ ಬಂತು. ಮಗಳ ಅರ್ಜಿ ಎರಡು ಪುಟ. ತಂದೆಯ ಹೆಸರು, ತಂದೆಯ ಮೊಬೈಲ್, ತಂದೆಯ ಸಹಿ, ವಾರಾಂತ್ಯದಲ್ಲಿ ಹೋಗಬಹುದಾದ ಸಂಬಂಧಿಕರ ವಿಳಾಸ. ತಾಯಿಯ ದೂರವಾಣಿಗೆ ಜಾಗವೇ ಇಲ್ಲ. ಮುಂಗಡ ಹೋದದ್ದು ನನ್ನ ಸಂಬಳದ ಖಾತೆಯಿಂದ. ವಾರ್ಡನ್ ರಸೀದಿ ಹರಿಯುತ್ತಲೇ, "ಯಜಮಾನರು ಬಂದಿಲ್ಲವೇ ಮೇಡಂ? ಅವರ ಸಹಿ ಬೇಕಿತ್ತು" ಎಂದರು. ಯಜಮಾನರು ಅವತ್ತು ಮದ್ದೂರಿನ ಗದ್ದೆಯಲ್ಲಿ ಕಬ್ಬು ಕಡಿಸುತ್ತಿದ್ದರು. ಸಹಿಗಾಗಿ ಅರ್ಜಿ ಮದ್ದೂರಿಗೆ ಹೋಗಿ ಬಂತು.

ನಿಯಮಗಳನ್ನು ಗೋಡೆಗೆ ಅಂಟಿಸಿದ್ದಾರೆ. ರಾತ್ರಿ ಎಂಟೂವರೆಗೆ ಗೇಟು ಬಂದ್. ಬೆಳಿಗ್ಗೆ ಆರೂವರೆಗೆ ಮುಂಚೆ ತೆರೆಯುವುದಿಲ್ಲ, ಆದ್ದರಿಂದ ಕುಕ್ಕರಹಳ್ಳಿ ಕೆರೆಯ ಪಕ್ಕದಲ್ಲೇ ಇದ್ದರೂ ಮಗಳಿಗೆ ಬೆಳಗಿನ ಜಾವದ ನಡಿಗೆ ಇಲ್ಲ. ಒಳ ಉಡುಪುಗಳನ್ನು ತಾರಸಿಯಲ್ಲಿ ಒಣಹಾಕುವಂತಿಲ್ಲ, ಕೋಣೆಯೊಳಗೆ ಹಗ್ಗ ಕಟ್ಟಿಕೊಳ್ಳಬೇಕು; ಜುಲೈ ತಿಂಗಳಲ್ಲಿ ಆ ಕೋಣೆಗೆ ಹೋದರೆ ಮುಗ್ಗಲು ವಾಸನೆ. ಗಂಡುಮಕ್ಕಳ ಪಿಜಿಯ ಮುಂಭಾಗದ ಬಾಲ್ಕನಿಯಲ್ಲಿ ಬನಿಯನ್ನು, ಚಡ್ಡಿಗಳು ರಸ್ತೆಗೆ ಮುಖಮಾಡಿ ಹಾರಾಡುತ್ತಿರುತ್ತವೆ. ದಸರಾ ಹೊತ್ತಿನಲ್ಲಿ ನಿಯಮ ಇನ್ನೂ ಬಿಗಿ, ಸಂಜೆ ಏಳಕ್ಕೇ ಒಳಗಿರಬೇಕು. ನಗರವೆಲ್ಲ ದೀಪ ಹಚ್ಚಿಕೊಂಡು ರಾತ್ರಿ ಹಗಲಾಗಿರುವಾಗ, ನಮ್ಮೂರಿಂದಲೂ ಜನ ಬಸ್ಸು ತುಂಬಿಕೊಂಡು ನೋಡಲು ಬರುವಾಗ, ಆ ದೀಪಗಳಿಂದ ಕೂಗಳತೆಯಲ್ಲಿರುವ ಹುಡುಗಿಯರಿಗೆ ತಾರಸಿಯ ಬಾಗಿಲಿಗೂ ಬೀಗ. ಮಗ ಯುವ ದಸರಾ ಮುಗಿಸಿ ನಡುರಾತ್ರಿ ಪಿಜಿಗೆ ಹೋದ. ಅವನ ಪಿಜಿಯ ಗೋಡೆಯ ಮೇಲೆ ಇರುವುದು ಒಂದೇ ನಿಯಮ: ನೀರಿನ ನಲ್ಲಿ ನಿಲ್ಲಿಸಿ.

ಎಂಟೂವರೆ ಯಾಕೆ ಎಂದು ಕೇಳಿದರೆ ಸಿದ್ಧ ಉತ್ತರವಿದೆ: "ಚಾಮುಂಡಿ ಬೆಟ್ಟದ ಆ ಘಟನೆ ಆದಮೇಲೆ ನಾವು ರಿಸ್ಕ್ ತೆಗೆದುಕೊಳ್ಳುವುದಿಲ್ಲ." ಅವರು ಹೇಳುತ್ತಿರುವುದು 2021ರ ಆಗಸ್ಟ್ 24ರ ಸಂಜೆಯ ಸಾಮೂಹಿಕ ಅತ್ಯಾಚಾರದ ವಿಷಯ. ಬೆಟ್ಟದ ತಪ್ಪಲಿನಲ್ಲಿ ಸ್ನೇಹಿತನ ಜೊತೆಗಿದ್ದ ವಿದ್ಯಾರ್ಥಿನಿಯ ಮೇಲೆ ಒಂದು ಗುಂಪು ಎರಗಿತ್ತು. ಆಗ ಏನೇನಾಯಿತು ಎಂಬುದು ನನಗೆ ಚೆನ್ನಾಗಿ ನೆನಪಿದೆ, ಮಗಳನ್ನು ಮುಂದೆ ಮೈಸೂರಿಗೆ ಓದಲು ಕಳುಹಿಸುವ ಮಾತು ಮನೆಯಲ್ಲಿ ಆಗಲೇ ನಡೆಯುತ್ತಿತ್ತು. ಆ ಹೊತ್ತಿನಲ್ಲಿ ಅವರು ಅಲ್ಲಿಗೆ ಹೋಗಬಾರದಿತ್ತು ಎಂಬರ್ಥದ ಮಾತನ್ನು ಅಂದಿನ ಗೃಹ ಸಚಿವರೇ ಆಡಿ, ಟೀಕೆ ಬಂದ ಮೇಲೆ ಹಿಂಪಡೆದರು. ವಿದ್ಯಾರ್ಥಿನಿಯರು ಸಂಜೆ ಆರೂವರೆಯ ನಂತರ ಮಾನಸಗಂಗೋತ್ರಿಯಲ್ಲಿ ಒಂಟಿಯಾಗಿ ಓಡಾಡಬಾರದು ಎಂದು ವಿಶ್ವವಿದ್ಯಾನಿಲಯ ಸುತ್ತೋಲೆ ಹೊರಡಿಸಿತು. ಅದನ್ನೂ ವಿರೋಧ ಬಂದ ಮೇಲೆ ಹಿಂದೆಗೆದುಕೊಂಡಿತು. ಅಪರಾಧ ಮಾಡಿದವರು ಗಂಡಸರು, ವೇಳಾಪಟ್ಟಿ ಸಿಕ್ಕಿದ್ದು ಹೆಂಗಸರಿಗೆ. ಸುತ್ತೋಲೆ ಹೋಯಿತು, ಆದರೆ ಅದರ ನಕಲು ಖಾಸಗಿ ಪಿಜಿಗಳ ಗೋಡೆಗಳ ಮೇಲೆ ಇನ್ನೂ ಇದೆ, ಗಂಟೆ ಮಾತ್ರ ಸ್ವಲ್ಪ ಅತ್ತಿತ್ತ.

ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2015ರ ಲೈಂಗಿಕ ಕಿರುಕುಳ ತಡೆ ನಿಯಮಾವಳಿಯಲ್ಲಿ, ಸುರಕ್ಷತೆಯ ಕಾಳಜಿಯನ್ನು ಮುಂದಿಟ್ಟು ಹಾಸ್ಟೆಲುಗಳಲ್ಲಿ ಹುಡುಗರಿಗಿಲ್ಲದ ತಾರತಮ್ಯದ ನಿಯಮಗಳನ್ನು ಹುಡುಗಿಯರ ಮೇಲೆ ಹೇರಕೂಡದು ಎಂದು ಸ್ಪಷ್ಟವಾಗಿ ಬರೆದಿದೆ. ಅದೇ ವರ್ಷ ದೆಹಲಿಯ ವಿದ್ಯಾರ್ಥಿನಿಯರು ಪಂಜರ ಒಡೆಯಿರಿ ಎಂಬ ಘೋಷಣೆಯೊಂದಿಗೆ ಹಾಸ್ಟೆಲಿನ ಇಂಥ ಗೇಟುಗಳ ವಿರುದ್ಧ ಬೀದಿಗಿಳಿದಿದ್ದರು. ನಾನು ನಿಯಮಾವಳಿಯ ಆ ಸಾಲನ್ನು ಮುದ್ರಿಸಿಕೊಂಡು ಹೋಗಿ ಮಾಲೀಕರಿಗೆ ತೋರಿಸಿದೆ. ಓದಿದರು, ಗೌರವದಿಂದ ಮಡಿಸಿ ವಾಪಸು ಕೊಟ್ಟರು. "ಇದು ಕಾಲೇಜುಗಳಿಗೆ ಮೇಡಂ. ನಮ್ಮದು ಪ್ರೈವೇಟು." ಕಾನೂನಿನ ಮಟ್ಟಿಗೆ ಅವರ ಮಾತು ಸರಿ. ವಿಶ್ವವಿದ್ಯಾನಿಲಯದ ಹಾಸ್ಟೆಲಿನಲ್ಲಿ ಸೀಟು ಸಿಗದ ಹುಡುಗಿಗೆ ಆ ಸಾಲು ಸಿಗುವುದಿಲ್ಲ.

ಗೇಟಿನ ಕೆಲಸ ಹೇಗಿದೆ ಎಂಬುದಕ್ಕೆ ಒಂದು ಸಂಜೆಯ ಉದಾಹರಣೆ ಸಾಕು. ಮಗಳ ಕೋಣೆಯಲ್ಲಿ ಗುಂಡ್ಲುಪೇಟೆ ಕಡೆಯ ಹುಡುಗಿಯೊಬ್ಬಳಿದ್ದಳು. ರಕ್ತಪರೀಕ್ಷೆಯ ಪ್ರಯೋಗಾಲಯವೊಂದರಲ್ಲಿ ಕೆಲಸ, ಪಾಳಿ ಮುಗಿಯುವುದು ಎಂಟಕ್ಕೆ. ಬೈಕಿನವನೊಬ್ಬ ಬಸ್ ನಿಲ್ದಾಣದಿಂದ ಪಿಜಿಯ ತಿರುವಿನವರೆಗೆ ಅವಳ ಹಿಂದೆಯೇ ಬರುವುದನ್ನು ಅಭ್ಯಾಸ ಮಾಡಿಕೊಂಡಿದ್ದ. ಮೊದಲು ಸುಮ್ಮನೆ ಬರುತ್ತಿದ್ದ, ಆಮೇಲೆ ಹೆಸರು ಕೇಳಲು ಶುರುಮಾಡಿದ, ಆಮೇಲೆ ಹೆಸರು ತಿಳಿದುಕೊಂಡು ಕೂಗತೊಡಗಿದ. ಅವತ್ತು ಬಸ್ಸು ತಡವಾಗಿ ಅವಳು ಗೇಟಿಗೆ ಬಂದಾಗ ಎಂಟೂವರೆ ದಾಟಿತ್ತು. ಬೀಗ ಬಿದ್ದಿತ್ತು. ವಾರ್ಡನ್ ಒಳಗಿನಿಂದಲೇ, ಮಾಲೀಕರ ಅನುಮತಿ ಇಲ್ಲದೆ ತೆಗೆಯುವಂತಿಲ್ಲ ಎಂದರು. ಮಾಲೀಕರು ಯಾವುದೋ ಆರತಕ್ಷತೆಯಲ್ಲಿದ್ದರು, ಫೋನು ತೆಗೆಯಲಿಲ್ಲ. ಬೀದಿದೀಪ ಕೆಟ್ಟ ಆ ಅಡ್ಡರಸ್ತೆಯಲ್ಲಿ ಬೈಕು ಅತ್ತಿಂದಿತ್ತ ಸುತ್ತುತ್ತಲೇ ಇತ್ತು. ನನ್ನ ಮಗಳು ಒಳಗೆ ಗೇಟಿನ ಸರಳು ಹಿಡಿದುಕೊಂಡು, ಅವಳು ಹೊರಗೆ ಅದೇ ಸರಳು ಹಿಡಿದುಕೊಂಡು ನಿಂತಿದ್ದರಂತೆ. ಕೊನೆಗೆ ಅಡುಗೆಯಾಕೆ ಬಂದು, ವಾರ್ಡನ್ ಕೈಯಿಂದ ಕೀಲಿ ಕಿತ್ತುಕೊಂಡು ತೆರೆದರು. ಉಪ್ಪುಸಾರಿಗಲ್ಲದೆ ಇದಕ್ಕೂ ಆಕೆಗೆ ಅಂಕ ಕೊಡಬೇಕು.

ತಿಂಗಳಿಗೆ 700 ರೂಪಾಯಿಯ ಗೇಟು ಅಂದು ಹುಡುಗಿಯನ್ನು ಬೈಕಿನವನ ಜೊತೆ ಹೊರಗೆ ನಿಲ್ಲಿಸಿತ್ತು. ಮರುದಿನ ನಡೆದದ್ದು ಇನ್ನೂ ಕೆಟ್ಟದು. ಹುಡುಗಿ ಧೈರ್ಯಮಾಡಿ ಎಲ್ಲವನ್ನೂ ವಾರ್ಡನ್‌ಗೆ ಹೇಳಿದಳು. ವಾರ್ಡನ್ ಮಾಲೀಕರಿಗೆ ಹೇಳಿದರು. ಮಾಲೀಕರು ಫೋನು ಮಾಡಿದ್ದು ಪೊಲೀಸರಿಗಲ್ಲ, ಗುಂಡ್ಲುಪೇಟೆಯ ತಂದೆಗೆ. "ನಿಮ್ಮ ಮಗಳ ಹಿಂದೆ ಯಾರೋ ಬರುತ್ತಿದ್ದಾನಂತೆ, ನಮಗೆ ಇಂಥದ್ದೆಲ್ಲ ಆಗುವುದಿಲ್ಲ." ತಂದೆ ಮೊದಲ ಬಸ್ಸಿಗೇ ಬಂದರು. ಬೈಯಲಿಲ್ಲವಂತೆ. ಹೆಗಲ ಮೇಲಿನ ಟವಲ್ಲನ್ನು ಮಡಿಲಲ್ಲಿ ಮಡಿಸಿಟ್ಟುಕೊಂಡು, "ಸಾಕು ಬಾ ಮಗಳೇ" ಎಂದಷ್ಟೇ ಹೇಳಿದರಂತೆ. ಅವಳು ಪೆಟ್ಟಿಗೆ ಕಟ್ಟಿಕೊಂಡು ಹೋದಳು. ಕೆಲಸ ಹೋಯಿತು, ಕಟ್ಟಿದ್ದ ಕಂಪ್ಯೂಟರ್ ತರಗತಿಯ ಶುಲ್ಕ ಹೋಯಿತು, ಮುಂಗಡದಲ್ಲಿ ಒಂದು ತಿಂಗಳ ಬಾಡಿಗೆಯನ್ನು ಪಿಜಿಯವರು ಮುರಿದುಕೊಂಡರು. ಆ ವಾರದಲ್ಲೇ ಹಾಸಿಗೆಗೆ ಬೇರೊಬ್ಬಳು ಬಂದಳು. ಬೈಕಿನವನನ್ನು ಮಗಳು ಆಮೇಲೂ ಎಳನೀರಿನ ಗಾಡಿಯ ಬಳಿ ನೋಡಿದ್ದಾಳೆ.

ಈ ಪಿಜಿಯಲ್ಲಿ ಸುರಕ್ಷತೆ ಕೆಲಸ ಮಾಡುವ ರೀತಿ ಇದು. ಯಾರು ಬಾಯಿ ಬಿಡುತ್ತಾಳೋ ಅವಳು ಊರಿಗೆ ವಾಪಸು. ಇದನ್ನು ಕಣ್ಣಾರೆ ನೋಡಿದ ಉಳಿದ ಹುಡುಗಿಯರು ಮುಂದೆ ಏನಾದರೂ ಹೇಳುತ್ತಾರೆಯೇ? ಮಗಳನ್ನೇ ಕೇಳಿದೆ. "ನಿನಗೆ ಹೇಳುತ್ತೇನೆ ಅಮ್ಮ, ಇಲ್ಲಿ ಹೇಳುವುದಿಲ್ಲ" ಎಂದಳು. ಹೇಳಲು ನನ್ನಂಥ ತಾಯಿ ಇಲ್ಲದವರು, ಮದುವೆ ತಪ್ಪಿಸಿಕೊಂಡು ಓದಲು ಬಂದವರು, ಒಂದು ಫೋನಿಗೆ ಎಲ್ಲವನ್ನೂ ಕಳೆದುಕೊಳ್ಳುವವರು ಆ ಮನೆಯಲ್ಲಿ ಎಷ್ಟೋ ಜನ ಇದ್ದಾರೆ.

ಕಾನೂನಿನಲ್ಲಿ ದಾರಿ ಇರಲಿಲ್ಲವೆಂದಲ್ಲ. ಹೆಣ್ಣಿನ ಹಿಂದೆ ಬಿದ್ದು ಕಾಡುವುದು 2012ರ ದೆಹಲಿಯ ಸಾಮೂಹಿಕ ಅತ್ಯಾಚಾರ ಪ್ರಕರಣದ ನಂತರ, 2013ರಲ್ಲಿ ಪ್ರತ್ಯೇಕ ಅಪರಾಧವಾಯಿತು. 2024ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್. ಮೊದಲ ಸಲಕ್ಕೆ ಮೂರು ವರ್ಷದವರೆಗೆ ಸೆರೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ. ವಯಸ್ಸಿಗೆ ಬಂದ ಹುಡುಗಿ ದೂರು ಕೊಡಲು ತಂದೆಯ ಸಹಿ ಬೇಡ. ಯಾವ ಠಾಣೆಗೆ ಹೋದರೂ ಶೂನ್ಯ ಎಫ್‌ಐಆರ್ ದಾಖಲಿಸಬೇಕು. ಪಿಜಿಯ ಸೂಚನಾಫಲಕದಲ್ಲಿ ಗ್ಯಾಸ್ ಏಜೆನ್ಸಿಯ ಸಂಖ್ಯೆ, ಮಾಲೀಕರ ಸಂಖ್ಯೆ, ನೀರಿನ ಟ್ಯಾಂಕರಿನವನ ಸಂಖ್ಯೆ ಇದ್ದವು. 112 ಇರಲಿಲ್ಲ, ಮಹಿಳಾ ಸಹಾಯವಾಣಿಯ 181 ಇರಲಿಲ್ಲ. ಪೊಲೀಸರಿಗೇಕೆ ಹೇಳಲಿಲ್ಲ ಎಂದು ಮಾಲೀಕರನ್ನು ಕೇಳಿದೆ. "ಹುಡುಗಿಯ ಹೆಸರು ಹಾಳಾಗುತ್ತದೆ ಮೇಡಂ," ಎಂದು ಹೇಳಿ, ಸ್ವಲ್ಪ ತಡೆದು, "ಪಿಜಿಯದೂ" ಎಂದರು. ಎರಡನೆಯದು ಪ್ರಾಮಾಣಿಕ ಉತ್ತರ.

ಕ್ಯಾಮೆರಾ ಬಗ್ಗೆ ಹೇಳದೆ ಈ ವಿಮರ್ಶೆ ಮುಗಿಯದು. ಜಾಹೀರಾತಿನಲ್ಲಿ ದೊಡ್ಡದಾಗಿ ಬರೆಸಿರುವುದು ಅದನ್ನೇ. ನಾಲ್ಕು ಕ್ಯಾಮೆರಾಗಳಿವೆ. ಬೈಕಿನವನು ಸುತ್ತುತ್ತಿದ್ದ ರಸ್ತೆಗೆ ಮುಖಮಾಡಿದ್ದು ಒಂದೂ ಇಲ್ಲ. ಒಂದು ಗೇಟಿನ ಒಳಭಾಗ, ಒಂದು ಊಟದ ಕೋಣೆ, ಎರಡು ಮಹಡಿಯ ಪಡಸಾಲೆಗಳಲ್ಲಿ. ಮೊದಲ ಮಹಡಿಯದು ಸ್ನಾನದ ಮನೆಯ ಬಾಗಿಲಿನ ಎದುರಿಗಿದೆ. ಟವಲ್ ಸುತ್ತಿಕೊಂಡು ಹೊರಬರುವ ಹುಡುಗಿಯರು ಅದರ ಕೆಳಗೇ ನಡೆದು ಕೋಣೆ ಸೇರಬೇಕು. ದೃಶ್ಯ ಹೋಗುವುದು ಮಾಲೀಕರ ಮೊಬೈಲಿಗೆ, ಜೊತೆಗೆ ಅವರ ಭಾವಮೈದುನನ ಮೊಬೈಲಿಗೆ. ಭಾವಮೈದುನ ಇದನ್ನು ಹೆಮ್ಮೆಯಿಂದ ತೋರಿಸಿದ್ದರಿಂದಲೇ ನನಗೆ ತಿಳಿದದ್ದು. "ನೋಡಿ ಮೇಡಂ, ನಿಮ್ಮ ಮಗಳು ಈಗ ಊಟ ಮಾಡುತ್ತಿದ್ದಾಳೆ." ಹೆಣ್ಣಿನ ಖಾಸಗಿ ಕ್ಷಣವನ್ನು ಕದ್ದು ನೋಡುವುದು, ಸೆರೆಹಿಡಿಯುವುದು ಅದೇ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಅಪರಾಧ. ಭಾವಮೈದುನನಿಗೆ ಅಂಥ ಉದ್ದೇಶವಿದೆ ಎಂದು ನಾನು ಹೇಳುತ್ತಿಲ್ಲ. ಆ ಫೋನು ಅವರ ಮನೆಯಲ್ಲಿ, ಅಂಗಡಿಯಲ್ಲಿ, ಸ್ನೇಹಿತರ ನಡುವೆ ಮೇಜಿನ ಮೇಲೆ ಬಿದ್ದಿರುತ್ತದೆ ಎಂದಷ್ಟೇ ಹೇಳುತ್ತಿದ್ದೇನೆ. 2024ರ ಜುಲೈನಲ್ಲಿ ಬೆಂಗಳೂರಿನ ಕೋರಮಂಗಲದ ಪಿಜಿಯೊಳಗೇ ಒಬ್ಬ ಯುವತಿಯ ಕೊಲೆಯಾಯಿತು. ಕ್ಯಾಮೆರಾ ಎಲ್ಲವನ್ನೂ ನೋಡುತ್ತಿತ್ತು. ಆ ದೃಶ್ಯ ಆಮೇಲೆ ಊರೂರು ಹರಿದಾಡಿ, ಅವಳ ಕೊನೆಯ ಕ್ಷಣಗಳು ಕಂಡಕಂಡವರ ಮೊಬೈಲು ಸೇರಿದವು.

ನನ್ನ ಶಾಲೆಯ ಸಹೋದ್ಯೋಗಿಯೊಬ್ಬರು ಇದನ್ನೆಲ್ಲ ಕೇಳಿ, ಅದಕ್ಕೇ ಹೆಣ್ಣುಮಕ್ಕಳು ಮನೆಯಲ್ಲಿರುವುದೇ ಕ್ಷೇಮ ಎಂದರು. ಪಿಜಿಯ ಫಲಕದ ಮೇಲೂ ಮನೆಯ ವಾತಾವರಣ ಎಂದೇ ಬರೆದಿದೆ. ಅದೇ ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ದೇಶದಲ್ಲಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಕಡೆ ಆರೋಪಿ ಆ ಹೆಣ್ಣಿಗೆ ಗೊತ್ತಿರುವವನೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಅಂಕಿಗಳು ವರ್ಷ ವರ್ಷವೂ ಹೇಳುತ್ತವೆ: ಮನೆಯವನು, ನೆಂಟ, ನೆರೆಯವನು, ಕೆಲಸ ಕೊಟ್ಟವನು, ಮದುವೆಯಾಗುತ್ತೇನೆಂದವನು. ಗಂಡನೇ ಮಾಡಿದರೆ ಅದನ್ನು ಅತ್ಯಾಚಾರವೆಂದು ನಮ್ಮ ಹೊಸ ಸಂಹಿತೆಯೂ ಒಪ್ಪುವುದಿಲ್ಲ, ಹೆಂಡತಿ ಹದಿನೆಂಟು ದಾಟಿದ್ದರೆ. ಎಂಟೂವರೆಯ ಗೇಟು ಇವರಲ್ಲಿ ಯಾರನ್ನೂ ತಡೆಯುವುದಿಲ್ಲ. ಸಹೋದ್ಯೋಗಿ ಈ ಲೆಕ್ಕ ಕೇಳಿ ಚಹಾ ಕುಡಿಯಲು ಹೋದರು.

ನಾನು ಮಾಲೀಕರಿಗೆ ಒಂದು ಪತ್ರ ಬರೆದೆ, ಅದರ ಪ್ರತಿಗೆ ಅವರ ಸಹಿ ಹಾಕಿಸಿಕೊಂಡೆ. ಹುಡುಗಿಯರಲ್ಲಿ ಹಲವರು ಜೊತೆಗೆ ಸಹಿ ಹಾಕಿದರು, ಕೆಲವರು ಹೆದರಿ ಹಾಕಲಿಲ್ಲ. ಕೇಳಿದ್ದು ಇಷ್ಟು: ಪಡಸಾಲೆಯ ಕ್ಯಾಮೆರಾ ತೆಗೆದು ರಸ್ತೆಗೆ ತಿರುಗಿಸಿ, ದೃಶ್ಯ ನೋಡುವವರು ಯಾರು ಎಂದು ಬರೆದು ತಿಳಿಸಿ, ಹುಡುಗರಿಗೆ ಕೊಟ್ಟಂತೆ ಹುಡುಗಿಯರಿಗೂ ಕೀಲಿ ಕೊಡಿ, ಯಾರಾದರೂ ದೂರು ಹೇಳಿದರೆ, ಮನೆಗೆ ಫೋನು ಮಾಡುವ ಮುಂಚೆ ಅವಳನ್ನೇ ಕೇಳಿ. ಮಾಲೀಕರು ಕೆಟ್ಟ ಮನುಷ್ಯರಲ್ಲ ಎಂದು ಇಲ್ಲಿ ಬರೆಯಲೇಬೇಕು. ಕ್ಯಾಮೆರಾ ಮರುವಾರವೇ ರಸ್ತೆಗೆ ತಿರುಗಿತು, ಭಾವಮೈದುನನ ಮೊಬೈಲಿಗೆ ಸಂಪರ್ಕ ತಪ್ಪಿತು. 112 ಮತ್ತು 181 ಫಲಕದ ಮೇಲೆ ಬಂದವು. ಗೇಟು ಎಂಟೂವರೆಯಿಂದ ಒಂಬತ್ತೂವರೆಗೆ ಸರಿಯಿತು. ಕೀಲಿ ಮಾತ್ರ ಕೊಡಲಿಲ್ಲ. "ತಂದೆ ತಾಯಿಗಳೇ ಒಪ್ಪುವುದಿಲ್ಲ ಮೇಡಂ, ನೀವೊಬ್ಬರು ಬಿಟ್ಟು" ಎಂದರು. ನಾನು ಪರೀಕ್ಷಿಸಲು ಬೇರೆ ಪೋಷಕರಿಗೆ ಫೋನು ಮಾಡಿದೆ. ಮಾತಾಡಿದವರಲ್ಲಿ ಹೆಚ್ಚಿನವರು ಗೇಟು ಎಂಟಕ್ಕೇ ಇರಲಿ ಎಂದರು. ಅವರಲ್ಲಿ ಇಬ್ಬರು ತಾಯಂದಿರು, ದನಿ ತಗ್ಗಿಸಿ, ಗಂಡ ಪಕ್ಕದಲ್ಲೇ ಇದ್ದಾರೆ ಆಮೇಲೆ ಮಾತಾಡುತ್ತೇನೆ ಎಂದರು. ಆಮೇಲೆ ಫೋನು ಬರಲಿಲ್ಲ.

ಪಿಜಿ ಹುಡುಕುತ್ತಿರುವ ತಾಯಂದಿರಿಗೆ: ಮುದ್ದೆ ತಿಂದು ನೋಡಿ, ಆದರೆ ಅದಕ್ಕೂ ಮುಂಚೆ, ಒಬ್ಬಳು ತೊಂದರೆ ಎಂದು ಬಂದು ಹೇಳಿದರೆ ಮೊದಲ ಫೋನು ಯಾರಿಗೆ ಮಾಡುತ್ತೀರಿ ಎಂದು ಕೇಳಿ. ಅಲ್ಲಿರುವ ಹುಡುಗಿಯರನ್ನು ವಾರ್ಡನ್ ಎದುರಿಗಿಲ್ಲದಾಗ ಮಾತಾಡಿಸಿ. ಮಹಡಿ ಹತ್ತಿ ಕ್ಯಾಮೆರಾ ಯಾವ ಕಡೆ ನೋಡುತ್ತಿದೆ ಎಂದು ನೀವೇ ನೋಡಿ. ಅದೇ ಮಾಲೀಕರಿಗೆ ಗಂಡುಮಕ್ಕಳ ಪಿಜಿಯೂ ಇದ್ದರೆ ಎರಡರ ನಿಯಮಪಟ್ಟಿಯನ್ನೂ ಕೇಳಿ ಪಡೆಯಿರಿ.

ಅಂಕಗಳು, ಐದಕ್ಕೆ. ಗಂಡುಮಕ್ಕಳ ಪಿಜಿಗೆ ನಾಲ್ಕು, ವೈಫೈಗಾಗಿ ಒಂದು ಕಡಿತ. ಹೆಣ್ಣುಮಕ್ಕಳ ಪಿಜಿಯ ಊಟಕ್ಕೆ ಐದು, ಸುರಕ್ಷತೆಗೆ ಪತ್ರಕ್ಕೆ ಮುಂಚೆ ಸೊನ್ನೆ, ಈಗ ಎರಡು. ಜೂನ್‌ನಿಂದ ಮಗಳ ಬಾಡಿಗೆ 300 ರೂಪಾಯಿ ಏರುತ್ತದೆಯಂತೆ, ಮಗನದು ಇದ್ದಷ್ಟೇ. ಯಾಕೆ ಎಂದು ಕೇಳಿದೆ. ಕ್ಯಾಮೆರಾ ಬೇರೆ ಕಡೆ ಹಾಕಿಸಿದ ಖರ್ಚು ಎಂದರು.